ತಾಯಕ್ಕನ ಅಂಗಡಿಯ ಹಿಂಬದಿ ಕೋಣೆ

ಹೋದ ತಿಂಗಳು ಹೊಲಿಯಲು ಕೊಟ್ಟಿದ್ದ ರವಿಕೆ ತರಲೆಂದು ಮಂಡ್ಯದಲ್ಲಿ ಒಂದು ಟೈಲರ್ ಅಂಗಡಿಗೆ ಹೋಗಿದ್ದೆ. ಹೊರಗೆ ಮಳೆ ಹಿಡಿದಿತ್ತು. ಒಳಗೆ ಒಬ್ಬಾಕೆ ಒದ್ದೆ ಬಟ್ಟೆಯೊಂದನ್ನು ಮೇಜಿನ ಮೇಲೆ ಹರಡಿಕೊಂಡು ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದಳು. ಬಟ್ಟೆಯಿಂದ ಎದ್ದ ಬಿಸಿ ಹಬೆಯೂ ಮಿಷಿನ್ನಿಗೆ ಬಿಟ್ಟ ಎಣ್ಣೆಯ ವಾಸನೆಯೂ ಬೆರೆತು ಮೂಗಿಗೆ ಬಡಿದದ್ದೇ, ಬಂದ ಕೆಲಸ ಮರೆತು ಬಾಗಿಲಲ್ಲೇ ನಿಂತುಬಿಟ್ಟೆ. ಆಕೆ ಎರಡು ಸಲ ನನ್ನ ಹೆಸರು ಕೇಳಿದಳಂತೆ. ನನಗೆ ಕೇಳಿಸಲಿಲ್ಲ. ಆ ಹೊತ್ತು ನಾನು ತಾಯಕ್ಕನ ಅಂಗಡಿಯ ಹಿಂಬದಿ ಕೋಣೆಯಲ್ಲಿದ್ದೆ. ಆ ಕೋಣೆ ಈಗ ಇಲ್ಲ. ಅದನ್ನು ಕೆಡವಿ ಕಟ್ಟುವುದಕ್ಕೆ ನಕ್ಷೆ ಬರೆದವಳು ನಾನೇ.

ಊರಿನ ಹೆಸರು ಬರೆಯುವುದಿಲ್ಲ. ಮದ್ದೂರು, ಮಳವಳ್ಳಿ ಕಡೆಯ ಒಂದು ಕಾಲೇಜು ಊರು ಎಂದರೆ ಸಾಕು. ಒಂದು ತುದಿಗೆ ಬಸ್ ನಿಲ್ದಾಣ, ಇನ್ನೊಂದು ತುದಿಗೆ ಕಾಲೇಜು, ನಡುವೆ ಪೇಟೆ ಬೀದಿ. ಸುತ್ತಲ ಹಳ್ಳಿಗಳ ಹುಡುಗ ಹುಡುಗಿಯರು ಬೆಳಿಗ್ಗೆ ಬಸ್ಸಿಳಿದು ಆ ಬೀದಿಯಲ್ಲಿ ನಡೆದು ಕಾಲೇಜಿಗೆ ಹೋಗುತ್ತಾರೆ, ಮಧ್ಯಾಹ್ನ ಅದೇ ಬೀದಿಯಲ್ಲಿ ನಡೆದು ವಾಪಸು ಬರುತ್ತಾರೆ. ಕಾಲೇಜು ಎರಡು ಗಂಟೆಗೆಲ್ಲ ಮುಗಿದು ಗೇಟಿಗೆ ಬೀಗ ಬೀಳುತ್ತದೆ. ಹಳ್ಳಿ ಕಡೆಯ ಬಸ್ಸುಗಳು ಬರುವುದು ನಾಲ್ಕರ ಮೇಲೆ, ಕೆಲವು ಐದೂವರೆಗೆ. ನಡುವಿನ ಆ ಎರಡು ಮೂರು ಗಂಟೆ ಗಂಡು ಹುಡುಗರಿಗೆ ಸಲೀಸು. ಟೀ ಅಂಗಡಿ ಮುಂದೆ ನಿಲ್ಲುತ್ತಾರೆ, ಬೈಕಿನ ಮೇಲೆ ಕೂರುತ್ತಾರೆ, ಬೇಕಾದಾಗ ಗೋಡೆ ಮರೆಗೆ ಹೋಗಿ ಬರುತ್ತಾರೆ. ಹುಡುಗಿಯರು ಎಲ್ಲಿರಬೇಕು ಎಂದು ಆ ಊರಿನಲ್ಲಿ ಯೋಚಿಸಿದ್ದವರು ಒಬ್ಬರೇ, ಚಿಕ್ಕತಾಯಮ್ಮ. ಹುಡುಗಿಯರ ಬಾಯಲ್ಲಿ ತಾಯಕ್ಕ.

ಪೇಟೆ ಬೀದಿಯ ನಡುಮಧ್ಯೆ ಪುರಸಭೆಗೆ ಸೇರಿದ ಹನ್ನೊಂದು ಹಳೆಯ ಹೆಂಚಿನ ಮಳಿಗೆಗಳಿದ್ದವು. ನಾಲ್ಕನೆಯದು ತಾಯಕ್ಕನದು. ಮುಂದೆ ಎರಡು ಹೊಲಿಗೆ ಮಿಷಿನ್ ಹಿಡಿಸುವಷ್ಟು ಜಾಗ. ನಡುವೆ ಒಂದು ಹೂವಿನ ಪರದೆ. ಪರದೆಯ ಹಿಂದೆ ಒಂದು ಬೆಂಚು, ಗೋಡೆಗೆ ಕನ್ನಡಿ, ಮಣ್ಣಿನ ಗುಡಾಣದಲ್ಲಿ ನೀರು, ಅದರಾಚೆ ಆಕೆಯೇ ಕಟ್ಟಿಸಿಕೊಂಡಿದ್ದ ಒಂದು ಕಕ್ಕಸು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ರವಿಕೆ, ಚೂಡಿದಾರ, ಸ್ಕೂಲು ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದರು. ಯಾವ ಹಳ್ಳಿಯ ಯಾವ ಹುಡುಗಿ ಬಂದರೂ ಕೈ ಕೆಲಸ ಬಿಡದೆ ಕಣ್ಣಿನಲ್ಲೇ ಪರದೆ ತೋರಿಸುತ್ತಿದ್ದರು.

ನಾನು ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರದ ಹಳ್ಳಿಯವಳು. ಪಿಯುಸಿ ಓದಲು ಆ ಊರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮೊದಲ ವರ್ಷದ ಆಷಾಢದಲ್ಲಿ, ಜಿಟಿಜಿಟಿ ಮಳೆಯಲ್ಲಿ ಒಂದು ದಿನ ಬೀದಿಯಲ್ಲಿ ನಡೆದು ಬರುವಾಗ ಟೀ ಅಂಗಡಿ ಮುಂದಿದ್ದ ಹುಡುಗರು ಹಿಂದಿನಿಂದ ನಕ್ಕರು. ಯಾಕೆಂದು ತಿಳಿಯಲಿಲ್ಲ. ಲಂಗದ ಹಿಂದಿನ ಕಲೆ ಕಂಡಾಗ ಅಲ್ಲೇ ನಿಂತೆ. ಆಗ ಮಿಷಿನ್ ಮುಂದೆ ಕೂತಿದ್ದ ಒಬ್ಬ ಹೆಂಗಸು ಹೊರಗೆ ಬಂದು, ಹೊಲಿಯಲು ಬಂದಿದ್ದ ಯಾರದೋ ಸೀರೆಯನ್ನು ನನ್ನ ಸೊಂಟಕ್ಕೆ ಸುತ್ತಿ, "ಬಾ ಮಗ ಒಳಕ್ಕೆ" ಎಂದು ಕರೆದುಕೊಂಡು ಹೋದರು. ನನ್ನ ಲಂಗವನ್ನು ತಾವೇ ಒಗೆದರು. ಇದ್ದಿಲಿನ ಇಸ್ತ್ರಿಪೆಟ್ಟಿಗೆ ಕಾಯಿಸಿ, ಒಣಗುವವರೆಗೂ ಉಜ್ಜಿದರು. ಅಷ್ಟು ಹೊತ್ತಿಗೆ ನನ್ನ ಬಸ್ಸು ಹೊರಟುಹೋಗಿತ್ತು. ಮುಂದಿನ ಬಸ್ಸಿಗೆ ತಾವೇ ನಿಲ್ದಾಣದವರೆಗೆ ಬಂದು ಹತ್ತಿಸಿದರು. ನನ್ನ ಹೆಸರು ಕೇಳಿದ್ದು ಬಸ್ಸು ಹೊರಟ ಮೇಲೆ, ಕಿಟಕಿಯ ಹೊರಗಿಂದ. ಶೈಲಾ ಎಂದೆ. ಅವತ್ತಿನಿಂದ ಅವರಿಗೆ ನಾನು ಸೈಲಾ. ಎರಡು ವರ್ಷ ದಿನಾ ಆ ಬೆಂಚಿನ ಮೇಲೆ ಕೂತು ಓದಿದೆ. ಹಿಂಬದಿ ಕೋಣೆ ಇಲ್ಲದಿದ್ದರೆ ನನ್ನಪ್ಪ ಎರಡನೇ ವರ್ಷಕ್ಕೆ ಕಳಿಸುತ್ತಿರಲಿಲ್ಲ. ಹಾಗೆಂದು ಅವ್ವ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ.

ಮುಂದೆ ಮಂಡ್ಯದಲ್ಲಿ ಡಿಪ್ಲೊಮಾ ಮಾಡಿದೆ, ಪರೀಕ್ಷೆ ಬರೆದೆ, ಜೂನಿಯರ್ ಇಂಜಿನಿಯರ್ ಆದೆ. ಮೊದಲ ಪೋಸ್ಟಿಂಗ್ ಅದೇ ಊರಿಗೆ ಸಿಕ್ಕಿತು. ಆದೇಶ ಕೈಗೆ ಬಂದ ದಿನ ಮೊದಲು ಹೋದದ್ದು ಪುರಸಭೆಗಲ್ಲ, ತಾಯಕ್ಕನ ಅಂಗಡಿಗೆ. ಅವರು ಕನ್ನಡಕದ ಮೇಲಿಂದ ನೋಡಿ, ಇಂಜಿನಿಯರಮ್ಮ ಆಗಿಬಿಟ್ಟೆಯಾ ಎಂದು ಕೇಳಿ, ಪಕ್ಕದ ಮಳಿಗೆಯ ನಜೀರ್ ಸಾಬರನ್ನು ಕರೆದು ತೋರಿಸಿದರು. ನಜೀರ್ ಸಾಬರು ಬುಕ್ ಬೈಂಡಿಂಗ್ ಮಾಡುವವರು. ಕಾಲೇಜಿನ ರೆಕಾರ್ಡ್ ಪುಸ್ತಕ, ಲೈಬ್ರರಿಯ ಹರಿದ ಪುಸ್ತಕ, ಹಳ್ಳಿಯವರ ಪಹಣಿ ಕಾಗದ, ಎಲ್ಲವನ್ನೂ ಹೊಲಿದು ರಟ್ಟು ಹಾಕಿ ಕೊಡುತ್ತಿದ್ದರು.

ನಾನು ಸೇರಿದ ತಿಂಗಳೇ ಪೇಟೆ ಬೀದಿಯ ಅಭಿವೃದ್ಧಿಗೆ ಅನುದಾನ ಬಂತು. ಹಳೆಯ ಮಳಿಗೆ ಕೆಡವಿ ಅಲ್ಲಿ ಎರಡು ಅಂತಸ್ತಿನ ವಾಣಿಜ್ಯ ಸಂಕೀರ್ಣ, ಬೀದಿಗೆ ಹೊಸ ಕಲ್ಲುಹಾಸು, ಅಲಂಕಾರದ ದೀಪದ ಕಂಬ. ಮುಖ್ಯಾಧಿಕಾರಿಗಳು ನಕ್ಷೆ ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದರು. ಹೊಸಬಳು, ಇದೇ ಕಾಲೇಜಿನಲ್ಲಿ ಓದಿದವಳು, ಊರಿನ ಕಷ್ಟ ಸುಖ ಬಲ್ಲವಳು ಎಂದು ಸಭೆಯಲ್ಲಿ ಹೊಗಳಿದರು ಕೂಡ. ನಾನು ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ. ಕೆಳಗೆ ಮಳಿಗೆಗಳು, ಮೇಲೆ ವಿದ್ಯಾರ್ಥಿಗಳಿಗೆ ಓದುವ ಕೋಣೆ ಎಂದು ಬರೆದೆ. ಕೆಳಗಿನ ಮೂಲೆಯಲ್ಲಿ, ಬೀದಿಗೆ ಕಾಣುವ ಹಾಗೆ, ಹೆಣ್ಣುಮಕ್ಕಳ ವಿಶ್ರಾಂತಿ ಕೊಠಡಿ ಬರೆದೆ. ಬೆಂಚು, ಕುಡಿಯುವ ನೀರು, ನಾಲ್ಕು ಶೌಚಾಲಯ, ಕೂತು ಕಾಯುವ ಒಬ್ಬ ಆಯಾಗೆ ಸಣ್ಣ ಜಾಗ. ತಾಯಕ್ಕ ಒಬ್ಬರೇ ಹೊತ್ತಿದ್ದನ್ನು ಇನ್ನು ಊರು ಹೊರುತ್ತದೆ ಎಂದುಕೊಂಡೆ.

ನಕ್ಷೆಗೆ ಮೊದಲು ಇದ್ದ ಕಟ್ಟಡವನ್ನು ಅಳೆಯಬೇಕು. ನಾಲ್ಕನೇ ಮಳಿಗೆ ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡವರು ತಾಯಕ್ಕನೇ. ಹಿಂಬದಿ ಕೋಣೆ ಮತ್ತು ಕಕ್ಕಸು ಮಳಿಗೆಯ ಹಳೇ ಅಳತೆಯಲ್ಲಿ ಇರಲಿಲ್ಲ. ನಿಯಮದಂತೆ ಅದರ ಮೇಲೆ ಅಡ್ಡಗೆರೆ ಎಳೆದು 'ಅನಧಿಕೃತ' ಎಂದು ಬರೆದೆ. ಹಾಗೆ ಬರೆಯುವುದು ಬರೀ ಪದ್ಧತಿ, ಅದಕ್ಕೇನೂ ಅರ್ಥವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬಾಡಿಗೆದಾರರ ಒಪ್ಪಿಗೆ ಪತ್ರ ಬೇಕಿತ್ತು. ಅದೂ ನನ್ನ ಪಾಲಿಗೇ ಬಂತು, ಅವರೆಲ್ಲ ನಿಮಗೆ ಗೊತ್ತಿರುವವರಲ್ಲವೇ ಎಂದರು. ಕಾಲೇಜಿನ ಸಭಾಂಗಣದಲ್ಲಿ ಮುಂಚೆ ಒಂದು ಸಭೆಯಾಗಿತ್ತು. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸ್. ಅದರಲ್ಲಿ ನನ್ನ ಕಟ್ಟಡ, ಮುಂದೆ ಸಾಲುಮರ, ನಮ್ಮ ತಾಲ್ಲೂಕಿನಲ್ಲಿ ಎಲ್ಲೂ ಕಾಣಸಿಗದಂಥ ಬಿಳಿ ಜನ ಕೈಯಲ್ಲಿ ಚೀಲ ಹಿಡಿದು ಓಡಾಡುತ್ತಿದ್ದರು. ನಾನು ಎದ್ದು ನಿಂತು ಹೆಣ್ಣುಮಕ್ಕಳ ಕೊಠಡಿಯ ವಿಷಯ ಹೇಳಿದಾಗ ಹಿಂದಿನ ಸಾಲಿನ ಹುಡುಗಿಯರು ಚಪ್ಪಾಳೆ ತಟ್ಟಿದರು. ಎರಡನೇ ವರ್ಷದ ಬಿ.ಎಸ್ಸಿ. ಹುಡುಗಿಯೊಬ್ಬಳು ಆಮೇಲೆ ಹತ್ತಿರ ಬಂದು, ಯಾವಾಗ ಮುಗಿಯುತ್ತೆ ಮೇಡಂ, ನಾವು ಓದು ಮುಗಿಸುವುದರೊಳಗೆ ಆಗುತ್ತಾ ಎಂದು ಕೇಳಿದಳು. ಕಿರುಗಾವಲು ಕಡೆಯವಳು, ರಮ್ಯಾ. ಒಂದು ವರ್ಷದೊಳಗೆ ಎಂದು ಮಾತು ಕೊಟ್ಟೆ.

ಒಪ್ಪಿಗೆಗೆ ಹೋದಾಗ ನಜೀರ್ ಸಾಬರು ಸುಲಭಕ್ಕೆ ಬಗ್ಗಲಿಲ್ಲ. ಹೊಸ ಕಟ್ಟಡದಲ್ಲಿ ಮತ್ತೆ ಮಳಿಗೆ ಕೊಡುತ್ತೇವೆಂದು ಬರೆದುಕೊಡಿ ಎಂದರು. ನಮ್ಮ ಪತ್ರದಲ್ಲಿ 'ಆದ್ಯತೆಯ ಮೇರೆಗೆ ಪರಿಗಣಿಸಲಾಗುವುದು' ಎಂದಿತ್ತು. ಅವರು ಅದನ್ನು ಎರಡು ಸಲ ಓದಿ, ಮಡಿಸಿ ನನ್ನ ಕೈಗೇ ಕೊಟ್ಟು ಹೇಳಿದರು:

"ಮೇಡಮ್ಮೋರೆ, ನಾನು ಹುಟ್ಟಿದಾಗ್ಲಿಂದ ಕಾಗದಾನೇ ಹೊಲ್ಕೊಂಡು ಬಂದೋನು. ಕಾಗದದ ಬುದ್ಧಿ ನಂಗೊತ್ತು. ಒಂದು ಹಾಳೆ ಕಿತ್ತು ಇನ್ನೊಂದು ಸೇರಿಸಿ ಹೊಲಿದ್ರೆ, ಹೊರಗಿಂದ ನೋಡೋರಿಗೆ ಬುಕ್ಕು ಅದೇ ಬುಕ್ಕು."

ನಾನು ನಕ್ಕು, ನಕ್ಷೆ ನನ್ನ ಕೈಯಲ್ಲೇ ಇರುತ್ತೆ ಸಾಬರೇ, ಹಾಳೆ ಯಾರು ಕೀಳುತ್ತಾರೆ ಎಂದೆ.

ತಾಯಕ್ಕ ಪತ್ರ ಓದಲೇ ಇಲ್ಲ. ನಕ್ಷೆ ಬಿಚ್ಚು ಎಂದರು. ಕತ್ತರಿಸುವ ಮೇಜಿನ ಮೇಲೆ ಹರಡಿದೆ. ಹೆಣ್ಣುಮಕ್ಕಳ ಕೊಠಡಿ ಎಲ್ಲಿ ಎಂದು ಕೇಳಿದರು, ತೋರಿಸಿದೆ. ಆ ಚೌಕದ ಮೇಲೆ ಬೆರಳಿಟ್ಟರು.

"ಇದ ನೀನೇ ಬರ್ದಿದ್ದೀಯ ಸೈಲಾ?"

"ನಾನೇ ತಾಯಕ್ಕ."

"ಅಂಗಾರೆ ಎಲ್ಲಿ ಸೈನು ಆಕ್ಬೇಕು ತೋರ್ಸು."

ಅವರು ಹಾಕಿದ ಮೇಲೆ ಉಳಿದವರೂ ಹಾಕಿದರು. ನಜೀರ್ ಸಾಬರು ಕೊನೆಯವರು.

ಗೌರಿ ಗಣೇಶ ಹಬ್ಬ ಕಳೆದ ಮರುವಾರ ಮಳಿಗೆ ಕೆಡವಿದರು. ಬೆಳಿಗ್ಗೆ ಒಂಬತ್ತಕ್ಕೆ ಜೆಸಿಬಿ ಬಂತು. ನಾಲೆಗೆ ನೀರು ಬಿಟ್ಟು ಊರೆಲ್ಲ ನಾಟಿಯಲ್ಲಿದ್ದ ಸಮಯ, ಹಾಗಾಗಿ ನೋಡುವುದಕ್ಕೆ ಹೆಚ್ಚು ಜನ ಸೇರಿರಲಿಲ್ಲ. ಕಾಲೇಜಿನ ಹುಡುಗರು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಒಂದೊಂದೇ ಮಳಿಗೆಯ ಹೆಂಚು ಕುಸಿದು ಕೆಂಪು ಧೂಳು ಏಳುತ್ತಿತ್ತು. ನಾಲ್ಕನೆಯದಕ್ಕೆ ಬಂದಾಗ ನಾನು ಫೈಲು ಹಿಡಿದು ಎದುರು ನಿಂತಿದ್ದೆ, ನಿಲ್ಲಲೇಬೇಕಿತ್ತು. ಮುಂದಿನ ಗೋಡೆ ಬಿದ್ದ ಮೇಲೆ ಹಿಂಬದಿ ಕೋಣೆ ಬೀದಿಗೆ ಬಯಲಾಯಿತು. ಅಷ್ಟು ವರ್ಷ ಪರದೆಯ ಹಿಂದಿದ್ದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬಸ್ಸಿನ ಟೈಮು, ಪರೀಕ್ಷೆಯ ತಾರೀಖು, ಹೆಸರುಗಳು. ನನ್ನ ಹೆಸರೂ ಎಲ್ಲೋ ಇದ್ದಿರಬೇಕು. ಹುಡುಗರು ಅದನ್ನೂ ವಿಡಿಯೋ ತೆಗೆದರು. ಕಕ್ಕಸಿನ ಬಾಗಿಲು ಬಿದ್ದಾಗ ಯಾರೋ ಶಿಳ್ಳೆ ಹಾಕಿದರು. ತಾಯಕ್ಕ ಸಾಮಾನು ಹೇರಿದ ಗಾಡಿಯಲ್ಲಿ ಮಿಷಿನ್ ಪಕ್ಕ ಕನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಒಂದು ವರ್ಷ ತಾನೇ ಎಂದರು ನನಗೆ. ಸಮಾಧಾನ ಮಾಡಬೇಕಾದವಳು ನಾನು, ಮಾಡಿದವರು ಅವರು.

ಪಾಯ ತೆಗೆದ ಮೇಲೆ ಕಂಟ್ರಾಕ್ಟರು ಇನ್ನೊಂದು ಕಡೆಯ ಕೆಲಸಕ್ಕೆ ಹೋದ. ಹಿಂಗಾರು ಮಳೆ ಆ ವರ್ಷ ಚೆನ್ನಾಗಿಯೇ ಹೊಡೆಯಿತು. ಹನ್ನೊಂದು ಮಳಿಗೆಗಳ ಜಾಗ ಒಂದೇ ಉದ್ದನೆ ಕೆರೆಯಾಯಿತು, ಕಂಬಿಗಳು ನೀರಿನಲ್ಲಿ ತುಕ್ಕು ಹಿಡಿದವು. ಹುಡುಗಿಯರು ಬಸ್ ನಿಲ್ದಾಣಕ್ಕೆ ಹೋದರು. ಅಲ್ಲಿನ ಶೌಚಾಲಯಕ್ಕೆ ನೀರಿಲ್ಲವೆಂದು ಬೀಗ. ಕಾಲೇಜಿನದಕ್ಕೂ ಅದೇ ಗತಿ. ಸ್ವಲ್ಪ ದಿನ ಬೀದಿಯ ಮನೆಗಳಲ್ಲಿ ಕೇಳಿದರು. ಒಂದು ದಿನ ಕೊಟ್ಟವರು ಎರಡನೇ ದಿನ ಮುಖ ತಿರುಗಿಸಿದರು. ಆಮೇಲೆ ಹುಡುಗಿಯರು ಕೇಳುವುದನ್ನು ಬಿಟ್ಟರು. ಬೆಳಿಗ್ಗೆ ಮನೆ ಬಿಡುವಾಗಿನಿಂದ ಸಂಜೆ ಮನೆ ಸೇರುವವರೆಗೆ ನೀರು ಕುಡಿಯದೆ ಇರುವುದನ್ನು ರೂಢಿ ಮಾಡಿಕೊಂಡರು.

ದೀಪಾವಳಿ ಮುಗಿದ ಮೇಲೆ ಮುಖ್ಯಾಧಿಕಾರಿಗಳು ನನ್ನನ್ನು ಒಳಗೆ ಕರೆದರು. ಪುರಸಭೆಯ ಅಧ್ಯಕ್ಷರೂ ಕೂತಿದ್ದರು. ಮೂಲೆಯ ಜಾಗ ಬೀದಿಗೆ ಮುಖ ಮಾಡಿದ ಒಳ್ಳೆಯ ಜಾಗ, ಅಲ್ಲಿ ಎರಡು ಮಳಿಗೆ ಬಂದರೆ ಪುರಸಭೆಗೆ ಆದಾಯ, ನಕ್ಷೆ ತಿದ್ದಬೇಕು ಎಂದರು. ಹಾಗಾದರೆ ಹೆಣ್ಣುಮಕ್ಕಳ ಕೊಠಡಿ ಎಂದೆ. ಪೇಟೆ ಬೀದಿಯ ಮುಖದಲ್ಲಿ ಕಕ್ಕಸು ಕಟ್ಟಿದರೆ ಚೆನ್ನಾಗಿ ಕಾಣುತ್ತದೆಯೇ ಎಂದು ಅಧ್ಯಕ್ಷರು ಕೇಳಿದರು. ಸಭೆಯಲ್ಲಿ ಮಾತು ಕೊಟ್ಟಿದ್ದೇವೆ ಸರ್ ಎಂದೆ. ಮುಖ್ಯಾಧಿಕಾರಿಗಳು ಒರಟಾಗಿ ಮಾತಾಡುವವರಲ್ಲ. ಟೀ ತರಿಸಿ ನನ್ನ ಮುಂದೆ ಇಡಿಸಿದರು.

"ತೆಗೆದುಹಾಕಿ ಅಂತ ಹೇಳ್ತಿಲ್ಲ ಮೇಡಂ. ಎರಡನೇ ಹಂತಕ್ಕೆ ಹಾಕಿ ಅಂತಿದ್ದೀನಿ ಅಷ್ಟೆ."

ಆಮೇಲೆ ಬೇರೇನೋ ಮಾತಿನ ನಡುವೆ, ನನ್ನ ಪ್ರೊಬೇಷನ್ ಅವಧಿಯ ವರದಿ ಇನ್ನೂ ತಮ್ಮ ಟೇಬಲ್ಲಿನ ಮೇಲಿದೆ ಎಂದು ನೆನಪು ಮಾಡಿದರು. ಬೆದರಿಕೆಯ ದನಿಯೇ ಅಲ್ಲ ಅದು. ಆ ವರ್ಷ ನನ್ನ ಮದುವೆಯ ಮಾತು ನಡೆಯುತ್ತಿತ್ತು. ಕಾಯಂ ಆಗಲಿ ಎಂದು ಗಂಡಿನ ಕಡೆಯವರು ಕಾಯುತ್ತಿದ್ದರು. ಅಪ್ಪ ಊರೆಲ್ಲ ಮಗಳು ಇಂಜಿನಿಯರು ಎಂದು ಹೇಳಿಕೊಂಡು ಬಂದಿದ್ದ. ಇವೆಲ್ಲ ಕಾರಣಗಳೇ. ಆದರೆ ಅವತ್ತು ನನಗೆ ಇಷ್ಟೊಂದು ಕಾರಣ ಬೇಕಾಗಲೂ ಇಲ್ಲ ಎಂಬುದು ಈಗ ಗೊತ್ತಾಗುತ್ತದೆ. ಎರಡನೇ ಹಂತ ಎಂಬ ಮಾತು ಕೇಳಿದ ಕೂಡಲೇ ಮನಸ್ಸಿಗೆ ಹಗುರವಾಯಿತು. ಬಾಗಿಲು ಮುಚ್ಚಿಲ್ಲ, ಮುಂದೂಡಿದೆ ಎನಿಸಿತು. ಒಂದು ಮಧ್ಯಾಹ್ನದ ಕೆಲಸ. ಕಂಪ್ಯೂಟರಿನಲ್ಲಿ ನಾಲ್ಕು ಗೆರೆ ಅಳಿಸಿದೆ, ಒಂದು ಗೋಡೆ ಎಳೆದೆ, ಎರಡು ಶಟರ್ ಕೂರಿಸಿದೆ. ಪ್ರಿಂಟ್ ತೆಗೆದು ಕೆಳಗೆ ಸಹಿ ಹಾಕಿದೆ. ಫೈಲಿನಲ್ಲಿದ್ದ ಹಳೇ ಹಾಳೆ ತೆಗೆದು ಹೊಸ ಹಾಳೆ ಸೇರಿಸಿ ದಾರ ಕಟ್ಟಿದವಳೂ ನಾನೇ.

ಇದನ್ನು ತಾಯಕ್ಕನಿಗೆ ಹೇಳಲಿಲ್ಲ. ಅವರು ಹಿಂದಿನ ಓಣಿಯ ಒಂದು ಮನೆಯ ಮೆಟ್ಟಿಲ ಕೆಳಗೆ ಮಿಷಿನ್ ಇಟ್ಟುಕೊಂಡಿದ್ದರು. ಆ ಮನೆಯ ಯಜಮಾನತಿ ಹುಡುಗಿಯರನ್ನು ಒಳಗೆ ಬಿಡಬಾರದು ಎಂಬ ಕಟ್ಟಳೆ ಮಾಡಿಯೇ ಜಾಗ ಕೊಟ್ಟಿದ್ದಳು. ಆದರೂ ಎರಡು ಮೂರು ಹುಡುಗಿಯರು ಅಲ್ಲಿಗೆ ಹೋಗಿ ಸುಮ್ಮನೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಅವರಲ್ಲಿ ರಮ್ಯಾ ಒಬ್ಬಳು. ನಾನು ಆ ಓಣಿಯನ್ನು ತಪ್ಪಿಸಿ ಓಡಾಡತೊಡಗಿದೆ. ಸೈಟಿಗೆ ಹೋಗಲು ಸುತ್ತು ದಾರಿ ಹಿಡಿಯುತ್ತಿದ್ದೆ.

ಕೊಯ್ಲು ಮುಗಿದು ರಸ್ತೆಯ ಮೇಲೆಲ್ಲ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದ ಕಾಲ. ಸಂಕ್ರಾಂತಿಯ ಮರುವಾರ ನಜೀರ್ ಸಾಬರು ಕಚೇರಿಗೆ ಬಂದರು. ಅವರು ಮನೆಯಲ್ಲೇ ಬೈಂಡಿಂಗ್ ಮಾಡುತ್ತಿದ್ದರು, ಮನೆ ಎಲ್ಲಿ ಎಂದು ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲವಾದ್ದರಿಂದ ಕೆಲಸ ಇರಲಿಲ್ಲ. ತಮ್ಮ ವಿಷಯ ಅವರು ಎತ್ತಲಿಲ್ಲ. ಆ ಕಿರುಗಾವಲು ಕಡೆ ಹುಡುಗಿ ಮಂಡ್ಯದ ಆಸ್ಪತ್ರೆಯಲ್ಲಿದ್ದಾಳೆ, ಚಿಕ್ಕತಾಯಮ್ಮ ನಿಮಗೆ ತಿಳಿಸಿ ಬಾ ಅಂದರು ಎಂದು ಹೇಳಿ ಹೊರಟುಹೋದರು.

ರಮ್ಯಾಗೆ ಉರಿಮೂತ್ರ ಹತ್ತಿ, ಯಾರಿಗೂ ಹೇಳದೆ ತಿಂಗಳುಗಟ್ಟಲೆ ತಡೆದುಕೊಂಡು, ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಚಳಿಜ್ವರ ಬಂದು ಬಸ್ಸಿನಲ್ಲೇ ಕುಸಿದಿದ್ದಳು. ನಾನು ಆಸ್ಪತ್ರೆಗೆ ಹೋದಾಗ ಅವಳು ನಿದ್ದೆಯಲ್ಲಿದ್ದಳು. ಪಕ್ಕದಲ್ಲಿ ತಾಯಿ ಜಯಮ್ಮ, ಕಾಲ ಬಳಿ ಸ್ಟೂಲಿನ ಮೇಲೆ ತಾಯಕ್ಕ. ಡಾಕ್ಟರು ದಿನಾ ಎಷ್ಟು ನೀರು ಕುಡಿಯುತ್ತಿದ್ದಳು ಎಂದು ಕೇಳಿದಾಗ ತನಗೆ ಉತ್ತರವೇ ಗೊತ್ತಿರಲಿಲ್ಲ ಎಂದು ಜಯಮ್ಮ ಹೇಳಿದರು. ಮನೆಯಿಂದ ತುಂಬಿಸಿಕೊಂಡು ಹೋದ ಬಾಟಲಿ ಸಂಜೆ ಹಾಗೇ ತುಂಬಿಕೊಂಡು ವಾಪಸು ಬರುತ್ತಿತ್ತಂತೆ. ಮರೆತೆ ಅವ್ವ ಎನ್ನುತ್ತಿದ್ದಳಂತೆ. ಇನ್ನು ಕಾಲೇಜು ಸಾಕು, ಜೀವ ಉಳಿದರೆ ಸಾಕು ಎಂದರು ಜಯಮ್ಮ. ತಾಯಕ್ಕ ಅವರ ಕೈ ಹಿಡಿದು, ಇನ್ನೊಂದು ನಾಲ್ಕು ತಿಂಗಳು ಬುಡವ್ವ, ಕಟ್ಟಡ ಏಳ್ತದೆ, ಇವಳೇ ಎಣ್ಣೈಕ್ಳಿಗೆ ಅಂತ ರೂಮು ಬರೆದವಳೆ, ಓದು ಬುಡಿಸಬ್ಯಾಡ ಎಂದು ನನ್ನನ್ನು ತೋರಿಸಿದರು.

ಅವರಿಬ್ಬರೂ ನನ್ನ ಮುಖ ನೋಡಿದರು. ನಾನು ಹೂಂ ಎನ್ನಬಹುದಿತ್ತು. ತಾಯಕ್ಕನನ್ನು ವರಾಂಡಕ್ಕೆ ಕರೆದೆ. ಕೊಠಡಿ ನಕ್ಷೆಯಲ್ಲಿಲ್ಲ, ಎರಡನೇ ಹಂತಕ್ಕೆ ಹೋಗಿದೆ, ತಿದ್ದಿದವಳು ನಾನೇ, ದೀಪಾವಳಿಯ ಮೇಲೆ ತಿದ್ದಿದೆ ಎಂದು ಹೇಳಿದೆ. ಹೇಳುವಾಗ ಮುಖ್ಯಾಧಿಕಾರಿಗಳ ಹೆಸರು, ಅಧ್ಯಕ್ಷರ ಹೆಸರು, ಪ್ರೊಬೇಷನ್ನು ಎಲ್ಲ ಸೇರಿಸಿದೆ. ತಾಯಕ್ಕ ಸೆರಗಿನ ಅಂಚಿನಲ್ಲಿ ಎದ್ದಿದ್ದ ಒಂದು ಎಳೆಯನ್ನು ಉಗುರಿನಿಂದ ಕಿತ್ತು ಕೆಳಗೆ ಹಾಕಿದರು.

"ಅವ್ರ್ಗೆಲ್ಲ ಗೊತ್ತಿರ್ನಿಲ್ಲ ಅಂದ್ಕೊಬೋದು. ಗಂಡಸ್ರು. ನಿಂಗೆ ಗೊತ್ತಿತ್ತು ಕಣಮ್ಮ."

ಅಷ್ಟೇ. ಒಳಗೆ ಹೋಗಿ ಮತ್ತೆ ಸ್ಟೂಲಿನ ಮೇಲೆ ಕೂತರು. ಜಯಮ್ಮನಿಗೆ ಏನು ಹೇಳಿದರೋ ತಿಳಿಯದು. ರಮ್ಯಾ ಮತ್ತೆ ಕಾಲೇಜಿಗೆ ಬರಲಿಲ್ಲ. ಮುಂದಿನ ವರ್ಷ ಕೆರಗೋಡಿನ ಕಡೆ ಅವಳ ಮದುವೆಯಾಯಿತೆಂದು ಕೇಳಿದೆ.

ಫೆಬ್ರವರಿಯಿಂದ ಕೆಲಸ ಒಂದೇ ಉಸಿರಿಗೆ ನಡೆಯಿತು. ಚುನಾವಣೆ ಹತ್ತಿರ ಬಂದಿತ್ತು. ಆಷಾಢಕ್ಕೆ ಮುಂಚೆ ಸಂಕೀರ್ಣದ ಉದ್ಘಾಟನೆ. ಬೀದಿಗೆ ಹಾಸಿದ ಕಲ್ಲು ಮೊದಲ ತಿಂಗಳೇ ಕಬ್ಬಿನ ಲೋಡಿಗೆ ಕುಸಿದು ಎದ್ದು ಹಲ್ಲು ಕಿರಿಯಿತು. ಸರ್ಕಲ್ಲಿನಲ್ಲಿ ಒಂದು ಕೆಂಪು ಹೃದಯ, ಅದರ ಮುಂದೆ ಊರಿನ ಹೆಸರಿನ ಆಳೆತ್ತರದ ಅಕ್ಷರಗಳು. ಹುಡುಗರು ಅಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಮಳಿಗೆಗಳಿಗೆ ಹರಾಜಾಯಿತು. ಆದ್ಯತೆ ಎಂಬ ಮಾತಿಗೆ ಹರಾಜಿನಲ್ಲಿ ಜಾಗವಿರಲಿಲ್ಲ. ಹಳೆಯ ಹನ್ನೊಂದು ಜನರಲ್ಲಿ ಒಬ್ಬರಿಗೂ ಕೂಗು ಎಟುಕಲಿಲ್ಲ. ಮೂಲೆಯ ಎರಡು ಮಳಿಗೆಯಲ್ಲಿ ಒಂದು ಮೊಬೈಲ್ ಅಂಗಡಿಯಾಯಿತು, ಇನ್ನೊಂದನ್ನು ಹಿಡಿದವರು ಇವತ್ತಿಗೂ ತೆರೆದಿಲ್ಲ. ಮೇಲಿನ ಓದುವ ಕೋಣೆಗೆ ಮೇಜು ಕುರ್ಚಿ ಬರುವ ತನಕ ಇರಲಿ ಎಂದು ಹಳೇ ಬೀದಿದೀಪ, ಒಡೆದ ಪೈಪು ತುಂಬಿಸಿ ಬೀಗ ಹಾಕಿದರು. ಉದ್ಘಾಟನೆಯ ದಿನ ನನಗೂ ಶಾಲು ಹೊದಿಸಿದರು. ಆ ವಾರವೇ ನನ್ನ ಪ್ರೊಬೇಷನ್ ಮುಗಿದು ಕಾಯಂ ಆದ ಆದೇಶವೂ ಬಂತು.

ತಾಯಕ್ಕ ಮೆಟ್ಟಿಲ ಕೆಳಗಿನ ಜಾಗವನ್ನೂ ಬಿಟ್ಟರು. ಒಂದು ಮಿಷಿನ್ ಮಾರಿ, ಇನ್ನೊಂದನ್ನು ಅಣ್ಣನ ಮನೆಯಲ್ಲಿಟ್ಟು, ಮದ್ದೂರು ಕಡೆಯ ಗಾರ್ಮೆಂಟ್ಸಿಗೆ ಹೋಗತೊಡಗಿದರು. ಆ ವಯಸ್ಸಿಗೆ ಹೊಲಿಗೆಯ ಸಾಲಿನಲ್ಲಿ ಕೂರಿಸಲಿಲ್ಲವಂತೆ, ಹೊಲಿದು ಬಂದ ಬಟ್ಟೆಯ ಉಳಿಕೆ ದಾರ ಕತ್ತರಿಸುವ ಕೆಲಸ. ಬೆಳಿಗ್ಗೆ ಏಳಕ್ಕೆ ಸರ್ಕಲ್ಲಿನಲ್ಲಿ ವ್ಯಾನಿಗೆ ಕಾಯುತ್ತಾ ನಿಂತಿರುತ್ತಿದ್ದರು. ಒಂದು ದಿನ ಗಟ್ಟಿ ಮನಸ್ಸು ಮಾಡಿ ಹತ್ತಿರ ಹೋಗಿ ಮಾತಾಡಿಸಿದೆ. ಆರೋಗ್ಯವಾಗಿದ್ದೀರಾ ಎಂದೆ. "ಇದ್ದೀನಿ ಮೇಡಮ್ಮೋರೆ" ಎಂದರು. ವ್ಯಾನು ಬಂತು, ಹತ್ತಿದರು. ವರ್ಗಾವಣೆಗೆ ಅರ್ಜಿ ಹಾಕಿದ್ದು ಅವತ್ತೇ.

ಅವರನ್ನು ಮತ್ತೆ ನೋಡಲಿಲ್ಲ. ಗಾರ್ಮೆಂಟ್ಸಿನಲ್ಲೂ ಈಗ ಇಲ್ಲವಂತೆ, ಅಣ್ಣನ ಮಗನ ಜೊತೆ ಯಾವುದೋ ಊರಿಗೆ ಹೋದರೆಂದು ಯಾರೋ ಹೇಳಿದರು. ಎರಡನೇ ಹಂತದ ಫೈಲನ್ನು ನನ್ನ ನಂತರ ಬಂದ ಇಬ್ಬರು ಇಂಜಿನಿಯರುಗಳಿಗೆ ಫೋನ್ ಮಾಡಿ ಕೇಳಿದೆ. ಮೊದಲನೆಯವರು ಹುಡುಕಿಸುತ್ತೇನೆ ಎಂದರು. ಎರಡನೆಯವರು ಯಾವ ಎರಡನೇ ಹಂತ ಎಂದರು. ಅದು ಫೈಲಾಗಿ ಹುಟ್ಟಿಯೇ ಇರಲಿಲ್ಲ. ನಾನು ಬರೆದ ನಕ್ಷೆಯ ಕೆಳಗಿನ ಸಣ್ಣ ಅಕ್ಷರದ ಒಂದು ಟಿಪ್ಪಣಿಯಲ್ಲಿ ಬಿಟ್ಟರೆ ಆ ಮಾತು ಎಲ್ಲೂ ಇರಲಿಲ್ಲ.

ಟೈಲರ್ ಅಂಗಡಿಯ ವಾಸನೆಯಿಂದ ಇಷ್ಟೆಲ್ಲ ಎದ್ದ ಹದಿನೈದು ದಿನಕ್ಕೆ ಕಿರುಗಾವಲಿನ ಹತ್ತಿರ ನೆಂಟರ ಮನೆಯ ಬೀಗರೂಟಕ್ಕೆ ಹೋಗಬೇಕಾಯಿತು. ಊಟ ಮುಗಿಸಿ ಚಪ್ಪರದಡಿ ಕೂತಿದ್ದಾಗ ಒಬ್ಬ ಹೆಂಗಸು ಬಂದು ಎದುರು ನಿಂತರು. ಜಯಮ್ಮ. ನನಗಿಂತ ಮೊದಲು ಅವರೇ ಗುರುತು ಹಿಡಿದಿದ್ದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ನಾನು ಕಾಯುತ್ತಿದ್ದ ಸಿಟ್ಟು. ರಮ್ಯಾಗೆ ಒಂದು ಮಗುವಾಗಿದೆ, ಒಂದು ಮೂತ್ರಪಿಂಡ ಅಷ್ಟಕ್ಕಷ್ಟೇ, ಮಾತ್ರೆ ನುಂಗಿಕೊಂಡು ಇದ್ದಾಳೆ ಎಂದರು. ಆಮೇಲೆ ಹಿಂದೆ ನಿಂತಿದ್ದ ಹುಡುಗಿಯನ್ನು ಮುಂದಕ್ಕೆ ಎಳೆದರು. ಎರಡನೆಯ ಮಗಳು, ಸಿಂಚನಾ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಿದ್ದಳಂತೆ. ಸೈನ್ಸ್ ಓದಬೇಕಂತೆ. ಕಾಲೇಜು ಇರುವುದು ಅದೇ ಊರಿನಲ್ಲಿ.

"ಅವ್ರಪ್ಪ ಬ್ಯಾಡ ಅಂತಾವ್ರೆ. ನೀವು ಅದ ಕಟ್ಸಿದೋರು, ನೀವೇ ಯೋಳಿ. ಈಗ ಎಣ್ಣೈಕ್ಳಿಗೆ ಅನುಕೂಲ ಆಗದಾ?"

ಬೇಸಿಗೆಯಲ್ಲಿ ಆ ಊರಿನ ಮೇಲೆ ಹಾದುಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಸಂಕೀರ್ಣದ ಅರ್ಧ ಶಟರುಗಳು ಮುಚ್ಚಿದ್ದವು. ತೆರೆಯದ ಮೂಲೆ ಮಳಿಗೆಯ ಪಕ್ಕದ ಗೋಡೆಗೆ ಗಂಡಸರು ಸಾಲಾಗಿ ಮುಖ ಮಾಡಿ ನಿಂತಿದ್ದರು. ಹುಡುಗಿಯರು ರಸ್ತೆಯ ಈಚೆ ಬಿಸಿಲಿನಲ್ಲಿ, ಬ್ಯಾಗು ಎದೆಗೆ ಅವುಚಿಕೊಂಡು, ಅತ್ತ ನೋಡದೆ ನಿಂತಿದ್ದರು.

ಆಗಿದೆ ಎಂದು ಹೇಳುವ ಧೈರ್ಯ ಬರಲಿಲ್ಲ. ಇಲ್ಲ ಎಂದೆ. ಮಂಡ್ಯದಲ್ಲಿ ಸೇರಿಸಿ, ಹಾಸ್ಟೆಲಿಗೆ ನಾನು ಮಾತಾಡುತ್ತೇನೆ ಎಂದೆ. ಹಾಸ್ಟೆಲಿಗೆ ಅವರಪ್ಪ ಒಪ್ಪುವುದೇ ಇಲ್ಲ ಎಂದು ಜಯಮ್ಮ ತಲೆಯಾಡಿಸಿದರು. ಹಾಗಾದರೆ ಕಳಿಸಬೇಡಿ ಎಂದುಬಿಟ್ಟೆ. ಆ ಕಾಲೇಜಿನಲ್ಲಿ ಓದಿ ಕೆಲಸಕ್ಕೆ ಬಂದವಳು ನಾನು, ನನ್ನ ಬಾಯಿಂದಲೇ ಆ ಮಾತು ಬಂತು. ಜಯಮ್ಮ ನಿಟ್ಟುಸಿರು ಬಿಟ್ಟು, ನೀವೇ ಅಂಗಂದ ಮೇಲೆ ಇನ್ನೇನು ಎಂದು ಮಗಳ ಭುಜದ ಮೇಲೆ ಕೈಯಿಟ್ಟರು.

ಹುಡುಗಿ ತಾಯಿಯ ಕೈ ಸರಿಸಿ ನನ್ನ ಹತ್ತಿರಕ್ಕೆ ಬಂದಳು. ಯಾರಿಗೂ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ, ಪರೀಕ್ಷೆಗೆ ಎಲ್ಲ ಓದಿಕೊಂಡಿದ್ದೇನೆ ಎನ್ನುವವರ ಹಾಗೆ ಹೇಳಿದಳು:

"ನಂಗೇನೂ ಆಗಕಿಲ್ಲ ಮೇಡಂ, ಅಪ್ಪಂಗೆ ಯೋಳಿ. ನಾನು ಈಗ್ಲಿಂದ್ಲೇ ರೂಢಿ ಮಾಡ್ಕೊಂಡಿವ್ನಿ. ಬೆಳಗ್ಗಿಂದ ಸಂಜೆಗಂಟ ಒಂದು ತೊಟ್ಟೂ ನೀರು ಕುಡಿಯಾಕಿಲ್ಲ."